ಕೆರೆಯ ದಡ, ಕಡಲ ದಡ: ಒಂದು ಪ್ರಾಜೆಕ್ಟ್ ವರದಿಯ ಪ್ರಕರಣ ಅಧ್ಯಯನ

ತುಮಕೂರಿನಲ್ಲಿ ಕುಳಿತು ಕಡಲತೀರದ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಎಂದು ವಿದ್ಯಾರ್ಥಿನಿಯೊಬ್ಬಳು ಬಂದು ನಿಂತಾಗ ಮೊದಲು ನಕ್ಕವನು ನಾನೇ. ನಮ್ಮದು ಭೂಗೋಳಶಾಸ್ತ್ರದ ಸ್ನಾತಕೋತ್ತರ ವಿಭಾಗ. ಇಲ್ಲಿ ಪ್ರಾಜೆಕ್ಟ್ ಎಂದರೆ ಕೆರೆ, ಕೊಳವೆಬಾವಿ, ಪಾವಗಡದ ಫ್ಲೋರೈಡ್ ನೀರು, ಶಿರಾದ ಶೇಂಗಾ, ತಿಪಟೂರಿನ ಕೊಬ್ಬರಿ. ಕೊರಟಗೆರೆ ತಾಲ್ಲೂಕಿನ ಹುಡುಗಿ, ಮನೆಯ ಹತ್ತಿರವೇ ಜಯಮಂಗಲಿ ನದಿ ಇದೆ. ಅದರ ಮರಳಿನ ಕಥೆ ಬರೆಯಬಾರದೇ ಎಂದು ಕೇಳಿದೆ. ಆಕೆ ಒಪ್ಪಲಿಲ್ಲ. ಪದವಿಯಲ್ಲಿದ್ದಾಗ ಪ್ರವಾಸ ಹೋಗಿದ್ದ ಉಡುಪಿ ಜಿಲ್ಲೆಯ ಒಂದು ಮೀನುಗಾರರ ಊರಿನಲ್ಲಿ ಬುಡ ಕಿತ್ತು ಬಿದ್ದ ತೆಂಗಿನ ಮರಗಳನ್ನೂ ಅರ್ಧ ಗೋಡೆ ಉಳಿದಿದ್ದ ಒಂದು ಮನೆಯನ್ನೂ ನೋಡಿದ್ದಳು. ಅದು ತಲೆಯಿಂದ ಹೋಗಿರಲಿಲ್ಲ.

ಆ ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮನೆ ಕಳೆದುಕೊಂಡವರ ಪರಿಹಾರದ ಅರ್ಜಿಗಳು ಇನ್ನೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾವು ಎಡವಿದ ಕಡೆಗಳನ್ನು ಮಾತ್ರ ಬದಲಿಸಿಲ್ಲ, ಬರೆಯುತ್ತಿರುವುದೇ ಅವುಗಳಿಗಾಗಿ.

ಕೆಂಪು ಗೆರೆ

ಕೆಲಸದ ವಿಧಾನ ಸರಳ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೆಯ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನೀರು ಅವಗೆಂಪು ಕಿರಣವನ್ನು ಹೀರಿಕೊಳ್ಳುತ್ತದೆ, ಒಣ ಮರಳು ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಚಿತ್ರದಲ್ಲಿ ನೀರು ಮತ್ತು ನೆಲದ ನಡುವಿನ ಗೆರೆಯನ್ನು ಕಂಪ್ಯೂಟರೇ ಎಳೆದುಕೊಡುತ್ತದೆ. ಒಂದು ಹಳೆಯ ಗೆರೆ, ಒಂದು ಹೊಸ ಗೆರೆ. ಎರಡರ ನಡುವಿನ ಅಂತರವನ್ನು ವರ್ಷಗಳಿಂದ ಭಾಗಿಸಿದರೆ ತೀರ ವರ್ಷಕ್ಕೆ ಎಷ್ಟು ಸರಿಯಿತು ಎಂದು ಬರುತ್ತದೆ. ಇದನ್ನೇ ಮಾಡುವ ಸಿದ್ಧ ತಂತ್ರಾಂಶವೂ ಇದೆ.

ಆಕೆ 1992ರ ಫೆಬ್ರುವರಿಯ ಒಂದು ಚಿತ್ರ, 2021ರ ಅಕ್ಟೋಬರ್ ಕೊನೆಯ ಒಂದು ಚಿತ್ರ ಆರಿಸಿಕೊಂಡಳು. ಮಳೆಗಾಲದ ಚಿತ್ರಗಳಲ್ಲಿ ಮೋಡದ ಹೊರತು ಬೇರೇನೂ ಕಾಣುವುದಿಲ್ಲವಾದ್ದರಿಂದ, ಮೋಡವಿಲ್ಲದ ಇತ್ತೀಚಿನ ಚಿತ್ರ ಸಿಕ್ಕಿತಲ್ಲ ಎಂದು ನನಗೂ ಸಮಾಧಾನವೇ ಆಯಿತು. ಸುಮಾರು ಆರು ಕಿಲೋಮೀಟರ್ ತೀರ. ಫಲಿತಾಂಶ: ಸರಾಸರಿ 34 ಮೀಟರ್ ನೆಲ ಕಡಲ ಪಾಲು. ವರದಿಯ ತಲೆಬರಹದಲ್ಲಿಯೇ ‘ಹವಾಮಾನ ಬದಲಾವಣೆಯಿಂದ ಕಡಲ್ಕೊರೆತ’ ಎಂದು ಬರೆದಳು. ಕಾರಣವನ್ನು ಮೊದಲೇ ತಲೆಬರಹಕ್ಕೆ ಹಾಕಿಬಿಟ್ಟರೆ ಆಮೇಲೆ ಅದನ್ನು ಹುಡುಕುವ ಕೆಲಸವೇ ಉಳಿಯುವುದಿಲ್ಲ. ನಾನು ಆಗ ಇದನ್ನು ಹೇಳಲಿಲ್ಲ. ಹೊಳೆಯಲೂ ಇಲ್ಲ.

ವಿಭಾಗದ ಸೆಮಿನಾರಿನಲ್ಲಿ ಪರದೆಯ ಮೇಲೆ ಆ ಕೆಂಪು ಗೆರೆ ಬಂದಾಗ ಒಳ್ಳೆಯ ಚಪ್ಪಾಳೆ ಬಿತ್ತು. ಪರಿಚಯದ ಪತ್ರಕರ್ತರೊಬ್ಬರು ಸುದ್ದಿ ಮಾಡೋಣ ಎಂದರು. ನಾನು ಹತ್ತು ದಿನ ತಡೆಯಿರಿ ಎಂದೆ. ವಿವೇಕದಿಂದ ಹೇಳಿದ್ದಲ್ಲ, ನಕ್ಷೆಯಲ್ಲಿ ಒಂದು ಊರಿನ ಹೆಸರು ತಪ್ಪಾಗಿ ಮುದ್ರಣವಾಗಿತ್ತು, ಅಷ್ಟೇ. ಆ ಕಾಗುಣಿತದ ತಪ್ಪಿಗೆ ಇಂದಿಗೂ ಋಣಿಯಾಗಿದ್ದೇನೆ.

ಬಟ್ಟೆ ಒಗೆಯುವ ಕಲ್ಲು

ಯುಗಾದಿಗೆ ಆಕೆ ಊರಿಗೆ ಹೋದಳು. ಹಬ್ಬದ ಮರುದಿನ ನನ್ನ ಮೊಬೈಲಿಗೆ ಒಂದು ಫೋಟೊ ಬಂತು. ಬಿರಿದ ಕೆರೆಯಂಗಳ, ಮಧ್ಯದಲ್ಲಿ ಒಂದು ಚಪ್ಪಟೆ ಕಲ್ಲು, ದೂರದಲ್ಲೆಲ್ಲೋ ಮಿನುಗುವ ನೀರು. ಹಿಂದೆಯೇ ಕರೆ ಬಂತು.

“ಸರ್, ಇದು ನಮ್ಮಮ್ಮ ಬಟ್ಟೆ ಒಗೆಯುವ ಕಲ್ಲು. ದೀಪಾವಳಿಯಲ್ಲಿ ನೀರು ಈ ಕಲ್ಲಿಗೆ ತಾಗುತ್ತಿತ್ತು. ಈಗ ಹೆಜ್ಜೆ ಹಾಕಿ ಎಣಿಸಿದೆ, ನೂರಾ ಹತ್ತು ಹೆಜ್ಜೆ ಆಚೆ ಹೋಗಿದೆ.”

“ಬೇಸಿಗೆಯಲ್ಲವೇ? ನೀರು ಇಳಿಯುತ್ತದೆ.”

“ಅದೇ ಸರ್. ನೀರು ಇಳಿದಿದೆ. ಏರಿ ಅಲ್ಲೇ ಇದೆ, ಕೋಡಿ ಅಲ್ಲೇ ಇದೆ, ಕಲ್ಲೂ ಅಲ್ಲೇ ಇದೆ. ಈ ಎರಡು ದಿನದ ಉಪಗ್ರಹ ಚಿತ್ರ ಹಾಕಿದರೆ ನನ್ನ ತಂತ್ರಾಂಶ ಕೆರೆಯ ದಡ ನೂರಾ ಹತ್ತು ಹೆಜ್ಜೆ ಸರಿದಿದೆ ಎನ್ನುತ್ತದೆ. ಉಡುಪಿಯಲ್ಲಿ ನಾನು ಅಳೆದದ್ದು ದಡವನ್ನೋ, ನೀರನ್ನೋ?”

ಆ ಪ್ರಶ್ನೆಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಹದಿನೈದು ವರ್ಷ ಉಬ್ಬರವಿಳಿತದ ಪಾಠ ಮಾಡಿದವನು ನಾನು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆಯೋ ಲೆಕ್ಕವಿಲ್ಲ. ಉಪಗ್ರಹ ಮಾತ್ರ ಪ್ರತಿ ಸಲವೂ ಬೆಳಗ್ಗೆ ಹತ್ತರ ಆಸುಪಾಸಿಗೇ ಬರುತ್ತದೆ. ಒಂದು ದಿನ ಆ ಹೊತ್ತಿಗೆ ಉಬ್ಬರವಿದ್ದರೆ ಇನ್ನೊಂದು ದಿನ ಅದೇ ಹೊತ್ತಿಗೆ ಇಳಿತ. ಬೋರ್ಡಿನ ಮೇಲಿನ ಪಾಠವೂ ಪರದೆಯ ಮೇಲಿನ ಗೆರೆಯೂ ನನ್ನ ತಲೆಯಲ್ಲಿ ಬೇರೆ ಬೇರೆ ಕಪಾಟಿನಲ್ಲಿ ಇದ್ದವು.

ಎರಡು ಕೋಲು, ಒಂದು ದಿಗಂತ

ಉಬ್ಬರವಿಳಿತವು ಚಂದ್ರ ಸೂರ್ಯರ ಲೆಕ್ಕವಾದ್ದರಿಂದ ಹಿಂದಿನ ದಿನಗಳಿಗೂ ಅದನ್ನು ಕಟ್ಟಬಹುದು. ಹತ್ತಿರದ ಬಂದರಿನ ಕೋಷ್ಟಕ ಹಿಡಿದು ನೋಡಿದಾಗ 1992ರ ಚಿತ್ರ ಹೆಚ್ಚುಕಡಿಮೆ ಇಳಿತದ ಹೊತ್ತಿನದು, 2021ರದು ಉಬ್ಬರದ ಹೊತ್ತಿನದು ಎಂದು ತಿಳಿಯಿತು. ನೀರಿನ ಮಟ್ಟದಲ್ಲಿ ಸುಮಾರು 90 ಸೆಂಟಿಮೀಟರ್ ವ್ಯತ್ಯಾಸ. ಇದು ಅಡ್ಡಡ್ಡವಾಗಿ ಎಷ್ಟು ಮೀಟರ್ ಎಂದು ಹೇಳಬೇಕಾದರೆ ಮರಳಿನ ಇಳಿಜಾರು ಗೊತ್ತಿರಬೇಕು. ಇಳಿಜಾರು ಯಾವ ಚಿತ್ರದಲ್ಲಿಯೂ ಇರಲಿಲ್ಲ. ಅಲ್ಲಿಗೇ ಹೋಗಬೇಕಿತ್ತು.

ಸರ್ವೆ ಉಪಕರಣ ಕೊಡಲು ಪಕ್ಕದ ವಿಭಾಗದವರು ಮೂರು ಸಹಿ ಕೇಳಿದರು. ಆಕೆ ಕಾಯಲಿಲ್ಲ. ಎಮರಿ ಎಂಬ ಭೂವಿಜ್ಞಾನಿ 1961ರಲ್ಲಿ ವಿವರಿಸಿದ ಒಂದು ಬಡವರ ವಿಧಾನವಿದೆ: ಒಂದೂವರೆ ಮೀಟರಿನ ಎರಡು ಕೋಲು, ನಡುವೆ ಎರಡು ಮೀಟರ್ ಹಗ್ಗ. ಕೊರಟಗೆರೆಯ ಬಡಗಿಯೊಬ್ಬರು ಕೋಲು ಮಾಡಿಕೊಟ್ಟರು. ಆಕೆಯ ತಮ್ಮ ಸೆಂಟಿಮೀಟರ್ ಗುರುತುಗಳನ್ನು ಕೆಂಪು ಬಿಳಿ ಬಣ್ಣದಲ್ಲಿ ಬರೆದ. ಒಬ್ಬರು ನೀರಿನ ಕಡೆಗೆ ಕೋಲು ಹಿಡಿದು ನಿಲ್ಲಬೇಕು, ಇನ್ನೊಬ್ಬರು ಮೇಲ್ಗಡೆ ನಿಂತು, ಕೆಳಗಿನ ಕೋಲಿನ ತುದಿ ಸರಿಯಾಗಿ ದಿಗಂತಕ್ಕೆ ಹೊಂದುವವರೆಗೆ ಕಣ್ಣನ್ನು ತಮ್ಮ ಕೋಲಿನ ಗುಂಟ ಇಳಿಸಬೇಕು. ಕಣ್ಣು ಎಷ್ಟು ಸೆಂಟಿಮೀಟರ್ ಕೆಳಗೆ ಬಂತೋ ನೆಲ ಅಷ್ಟು ಇಳಿದಿದೆ. ಕಡಲಿನ ದಿಗಂತವೇ ಇಲ್ಲಿ ಮಟ್ಟದ ಗೆರೆ.

ಅಭ್ಯಾಸ ಮಾಡಿಕೊಳ್ಳಲು ತುಮಕೂರಿನಲ್ಲಿ ದಿಗಂತ ಎಲ್ಲಿಂದ ತರುವುದು? ಯಾವ ಕಡೆ ನೋಡಿದರೂ ಒಂದು ಬೆಟ್ಟ. ಕೊನೆಗೆ ಅವರ ಊರಿನ ಗಾರೆ ಕೆಲಸದವರ ನೀರಿನ ಪೈಪನ್ನೇ ಮಟ್ಟಕ್ಕೆ ಇಟ್ಟುಕೊಂಡು ಅದೇ ಕೆರೆಯಂಗಳದಲ್ಲಿ ಎರಡು ಸಂಜೆ ಅಭ್ಯಾಸ ಮಾಡಿದರು. ದನ ಕಾಯುವ ಹುಡುಗರು ಕೆರೆ ಅಳತೆಗೆ ಬಂದಿದ್ದಾರೆ, ಹೂಳು ತೆಗೆಸುತ್ತಾರೆ ಎಂದು ಊರೆಲ್ಲ ಸುದ್ದಿ ಹಬ್ಬಿಸಿದರಂತೆ.

ಏಪ್ರಿಲಿನಲ್ಲಿ ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಹೋದೆವು. ಎರಡು ಮೀಟರಿಗೆ ಸುಮಾರು 13 ಸೆಂಟಿಮೀಟರ್ ಇಳಿತ, ಅಂದರೆ ಹದಿನೈದಕ್ಕೆ ಒಂದು. ಹಾಗಾದರೆ 90 ಸೆಂಟಿಮೀಟರ್ ನೀರು ಏರಿದಾಗ ಗೆರೆ ಹದಿಮೂರು ಹದಿನಾಲ್ಕು ಮೀಟರ್ ಒಳಗೆ ಬರುತ್ತದೆ. ನಮ್ಮ 34 ಮೀಟರ್ ‘ಕೊರೆತ’ದಲ್ಲಿ ಇಷ್ಟು ಬರೀ ಆ ಹೊತ್ತಿನ ನೀರು.

ಉಳಿದದ್ದನ್ನು ಒಬ್ಬ ಹಿರಿಯ ಮೀನುಗಾರರು ಬಿಡಿಸಿಕೊಟ್ಟರು. ದೋಣಿಯ ನೆರಳಿನಲ್ಲಿ ಬಲೆ ಹೊಲಿಯುತ್ತಾ ಕುಳಿತಿದ್ದವರು ನಮ್ಮ ಕೋಲಾಟವನ್ನು ಒಂದು ಗಂಟೆ ನೋಡಿ, ಆಮೇಲೆ ಕೇಳಿದರು: “ಮಾಸ್ತರರೇ, ಈಗ ಅಳೆದು ಏನು ಪ್ರಯೋಜನ? ಈಗ ಕಡಲು ಮರಳು ತಂದು ಹಾಕಿ ಆಗಿದೆ. ಸೋಣ ತಿಂಗಳ ಮಳೆಗಾಲದಲ್ಲಿ ಬಂದು ನೋಡಿ, ನೀವು ನಿಂತ ಜಾಗದಲ್ಲಿ ನೀರು ಇರುತ್ತದೆ.”

ಪಶ್ಚಿಮ ಕರಾವಳಿಯ ಮರಳುತೀರದ ಮುಖ್ಯ ಗುಣ ಇದು. ಜೂನಿನಿಂದ ಮುಂಗಾರಿನ ಎತ್ತರದ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಆಚೆ, ನೀರಿನ ಅಡಿಯಲ್ಲಿ ದಿಬ್ಬವಾಗಿ ಒಟ್ಟುತ್ತವೆ. ಆ ದಿಬ್ಬದ ಮೇಲೆಯೇ ಮುಂದಿನ ಅಲೆಗಳು ಒಡೆಯುವುದರಿಂದ ದಡಕ್ಕೆ ಅದೊಂದು ಕಾವಲು. ಮಳೆಗಾಲ ಮುಗಿದ ಮೇಲೆ ಸಣ್ಣ, ನಿಧಾನದ ಅಲೆಗಳು ಅದೇ ಮರಳನ್ನು ತಿಂಗಳುಗಟ್ಟಲೆ ಹೊತ್ತು ಮತ್ತೆ ದಡಕ್ಕೆ ಹಾಕುತ್ತವೆ. ಅಕ್ಟೋಬರಿನಲ್ಲಿ ತೀರ ಬಡಕಲು, ಫೆಬ್ರುವರಿ ಮಾರ್ಚಿಗೆ ಮೈತುಂಬಿಕೊಂಡಿರುತ್ತದೆ. ನಾವು ಮೈತುಂಬಿದ 1992ರ ತೀರವನ್ನು ಬಡಕಲು 2021ರ ತೀರದೊಂದಿಗೆ ಹೋಲಿಸಿದ್ದೆವು. ಸಾಲದ್ದಕ್ಕೆ 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹೊಡೆದುಕೊಂಡೇ ಗುಜರಾತಿಗೆ ಹೋಗಿತ್ತು. ಬೆನ್ನಿಗೇ ಮಳೆಗಾಲ ಬಂದಿದ್ದರಿಂದ ಮರಳು ಮರಳಲು ಸಮಯವೇ ಸಿಕ್ಕಿರಲಿಲ್ಲ. ವರ್ಷಕ್ಕೊಮ್ಮೆ ಕೆರೆ ತುಂಬಿ ಇಳಿಯುವುದನ್ನು ನೋಡಿ ಬೆಳೆದವಳಿಗೆ ಇದನ್ನು ಎರಡನೆಯ ಸಲ ವಿವರಿಸಬೇಕಾಗಲಿಲ್ಲ.

ಕೊರೋನಾದ ನಂತರ ತಾಳ ತಪ್ಪಿದ್ದ ಶೈಕ್ಷಣಿಕ ವೇಳಾಪಟ್ಟಿ ಆ ವರ್ಷ ನಮಗೆ ಉಪಕಾರವನ್ನೇ ಮಾಡಿತು. ವರದಿ ಸಲ್ಲಿಕೆ ನವೆಂಬರಿಗೆ ಹೋದದ್ದರಿಂದ ಅಕ್ಟೋಬರಿನಲ್ಲಿ ಇನ್ನೊಮ್ಮೆ ಅದೇ ಜಾಗಗಳಲ್ಲಿ ಕೋಲು ನೆಟ್ಟೆವು. ಒಂದೇ ನೀರಿನ ಮಟ್ಟಕ್ಕೆ ಸರಿಹೊಂದಿಸಿದಾಗ ಏಪ್ರಿಲಿಗೂ ಅಕ್ಟೋಬರಿಗೂ ಸರಾಸರಿ 12 ಮೀಟರ್ ಅಂತರ ಬಂತು. ಮೂವತ್ತನಾಲ್ಕರಲ್ಲಿ ಉಬ್ಬರಕ್ಕೆ ಹದಿನಾಲ್ಕು, ಋತುವಿಗೆ ಹನ್ನೆರಡು. ಉಳಿದದ್ದು ಎಂಟು ಮೀಟರ್.

ಎಂಟು ಮೀಟರಿನ ಆಮಿಷ

ನಿಜವಾದ ಪರೀಕ್ಷೆ ಇಲ್ಲಿ ಬಂತು. ಮೊದಲ ತಪ್ಪು ಗೊತ್ತಿಲ್ಲದೆ ಮಾಡಿದ್ದು. ಈ ಎರಡನೆಯದನ್ನು ಗೊತ್ತಿದ್ದೂ ಮಾಡುವ ಹೊಸ್ತಿಲಿಗೆ ಬಂದಿದ್ದೆವು.

ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಮೂವತ್ತು ವರ್ಷಕ್ಕೆ ಹತ್ತು ಸೆಂಟಿಮೀಟರ್ ಆಯಿತು. ಪೆರ್ ಬ್ರೂನ್ ಎಂಬ ಡೆನ್ಮಾರ್ಕ್ ಮೂಲದ ಎಂಜಿನಿಯರ್ 1962ರಲ್ಲಿ ಕೊಟ್ಟ ಸೂತ್ರದಂತೆ, ಕಡಲು ಏರಿದ ಎತ್ತರದ ಐವತ್ತರಿಂದ ನೂರು ಪಟ್ಟು ಮರಳುತೀರ ಹಿಂದೆ ಸರಿಯುತ್ತದೆ. ಹತ್ತು ಸೆಂಟಿಮೀಟರಿಗೆ ಐದರಿಂದ ಹತ್ತು ಮೀಟರ್. ನಮ್ಮ ಎಂಟು ಅದರ ನಡುವೆ ಹೇಳಿ ಮಾಡಿಸಿದಂತೆ ಕೂತಿತು! ಆಕೆ ರಾತ್ರಿ ಹನ್ನೊಂದಕ್ಕೆ ಸಂದೇಶ ಕಳುಹಿಸಿದಳು: “ಸರ್, ತಲೆಬರಹ ಬದಲಿಸಬೇಕಾಗಿಲ್ಲ.”

ನಾನು ಆ ರಾತ್ರಿ ಉತ್ತರ ಬರೆಯಲಿಲ್ಲ. ಬರೆದಿದ್ದರೆ ಒಪ್ಪಿಬಿಡುತ್ತಿದ್ದೆನೇನೋ.

ಬೆಳಗ್ಗೆ ಇಬ್ಬರೂ ಕುಳಿತು ಚಿತ್ರವನ್ನು ದೊಡ್ಡದು ಮಾಡಿ, ಅದು ಚೌಕ ಚೌಕವಾಗಿ ಒಡೆಯುವವರೆಗೆ ನೋಡಿದೆವು. ಒಂದೊಂದು ಚೌಕವೂ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಚೌಕದ ಒಳಗೆ ಗೆರೆ ಎಲ್ಲಿ ಹಾಯುತ್ತದೆ ಎಂಬುದು ಅಂದಾಜು. ಎರಡು ಚಿತ್ರಗಳ ಎರಡು ಅಂದಾಜುಗಳು ಸೇರಿದರೆ ತಪ್ಪಿನ ಅಳತೆಯೇ ಎಂಟು ಮೀಟರಿಗಿಂತ ದೊಡ್ಡದು. ನೂರು ಕಿಲೋ ತೂಗುವ ತಕ್ಕಡಿಯಲ್ಲಿ ಬಂಗಾರದ ಮೂಗುತಿ ತೂಗಿದ ಹಾಗೆ.

ಇನ್ನೊಂದು ತೊಡಕೂ ಇತ್ತು. ಬ್ರೂನ್ ಸೂತ್ರ ಮರಳು ದಡದಿಂದ ಆಳಕ್ಕೆ, ಆಳದಿಂದ ದಡಕ್ಕೆ ಮಾತ್ರ ಓಡಾಡುತ್ತದೆ, ಪಕ್ಕಕ್ಕೆ ಹೋಗುವುದಿಲ್ಲ ಎಂದು ಹಿಡಿದುಕೊಳ್ಳುತ್ತದೆ. ಕಡಲತೀರದಲ್ಲಿ ಮರಳು ಪಕ್ಕಕ್ಕೇ ಹೆಚ್ಚು ಹೋಗುವುದು. ಅಲೆ ಓರೆಯಾಗಿ ಬಂದು ಬಡಿದಾಗ ಮರಳು ದಡದ ಗುಂಟ ಸಾಗುತ್ತದೆ. ಅಡ್ಡಲಾಗಿ ಏನಾದರೂ ಕಟ್ಟಿದರೆ ಒಂದು ಬದಿಯಲ್ಲಿ ಗುಡ್ಡೆ ಬೀಳುತ್ತದೆ, ಇನ್ನೊಂದು ಬದಿ ಹಸಿಯುತ್ತದೆ. ಚೆನ್ನೈ ಬಂದರು ಕಟ್ಟಿದ ಮೇಲೆ ದಕ್ಷಿಣಕ್ಕೆ ಮರೀನಾ ಬೀಚ್ ಅಗಲವಾಗಿ, ಉತ್ತರದ ರಾಯಪುರಂ ಕಡೆ ಕೊರೆದುಹೋದದ್ದು ಇದೇ ಕಾರಣಕ್ಕೆ. ನಾವು ಅಳೆದ ಊರಿನಲ್ಲಿ ಒಂದು ತುದಿಗೆ, ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಅಲೆತಡೆ ಕಟ್ಟಿದ್ದರು, ನಡುವೆ ಒಂದಿಷ್ಟು ದೂರ ಬಂಡೆಗಳ ತಡೆಗೋಡೆ ಇತ್ತು.

ಆಗ ಮಾಡಿದ ತೀರ್ಮಾನವೇ ಈ ಕೆಲಸವನ್ನು ಉಳಿಸಿತು ಎಂದುಕೊಂಡಿದ್ದೇನೆ: ಸರಾಸರಿಯನ್ನು ಎಸೆದೆವು, ನೀರಿನ ಗೆರೆಯನ್ನೂ ಬಿಟ್ಟೆವು. ಬದಲಿಗೆ ಹಸಿರಿನ ಅಂಚು ಹಿಡಿದೆವು. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ, ಅದರ ಹಿಂದೆ ಗಾಳಿಮರದ ಸಾಲು (ನಮ್ಮ ಕಡೆ ಅದು ಸರ್ವೆ ಮರ). ಅದು ಉಬ್ಬರಕ್ಕೆ ಬಂದು ಇಳಿತಕ್ಕೆ ಹೋಗುವುದಿಲ್ಲ. ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲು ಇದ್ದ ಹಾಗೆ. ಎರಡು ಚಿತ್ರದ ಬದಲು ಫೆಬ್ರುವರಿ ಮಾರ್ಚಿನ ಹನ್ನೊಂದು ಚಿತ್ರ ತೆಗೆದುಕೊಂಡು, ತೀರವನ್ನು ತುಂಡು ತುಂಡಾಗಿ ನೋಡಿದಳು.

ಚಿತ್ರವೇ ಬೇರೆಯಾಯಿತು. ಅಲೆತಡೆಯ ಪಕ್ಕದಲ್ಲಿ ತೀರ ಬೆಳೆದಿತ್ತು. ಗೋಡೆಯ ಮುಂದೆ ಮರಳೇ ಇರಲಿಲ್ಲ, ಬಂಡೆಗೆ ನೀರು ಬಡಿಯುತ್ತಿತ್ತು. ಗೋಡೆ ಮುಗಿಯುವ ಜಾಗದಿಂದ ಮುಂದೆ ಸುಮಾರು 800 ಮೀಟರ್ ದೂರ ಹಸಿರಿನ ಅಂಚು ನಲವತ್ತು ಮೀಟರಿಗಿಂತ ಹೆಚ್ಚು ಒಳಗೆ ಬಂದಿತ್ತು. ಯಾವ ತಕ್ಕಡಿಗೂ ಕಾಣುವಷ್ಟು ದೊಡ್ಡ ಕೊರೆತ ಅದು. ಆಕೆ ಪ್ರವಾಸದಲ್ಲಿ ಕಂಡ ಅರ್ಧ ಗೋಡೆಯ ಮನೆ ಇದ್ದದ್ದು ಅಲ್ಲಿಯೇ. ಉಳಿದ ನಾಲ್ಕು ಕಿಲೋಮೀಟರ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ದೇಶದ ಲೆಕ್ಕವೂ ಹೀಗೆಯೇ ಕಲಸು: ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ 1990ರಿಂದ 2018ರವರೆಗಿನ ಸಮೀಕ್ಷೆಯಲ್ಲಿ ಸುಮಾರು ಶೇ. 34ರಷ್ಟು ತೀರ ಕೊರೆತದಲ್ಲಿದ್ದರೆ ಶೇ. 27ರಷ್ಟು ಬೆಳೆಯುತ್ತಿದೆ.

ಕಡಲು ಏರುತ್ತಿರುವುದು ಸುಳ್ಳು ಎಂದು ಇದರ ಅರ್ಥವಲ್ಲ; ಹಾಗೆ ಓದಿಕೊಂಡ ಸಹೋದ್ಯೋಗಿಯೊಬ್ಬರೊಂದಿಗೆ ಕ್ಯಾಂಟೀನಿನಲ್ಲಿ ಜಗಳವನ್ನೇ ಆಡಿದೆ. ಹತ್ತು ಸೆಂಟಿಮೀಟರ್ ಏರಿದ ಕಡಲಿನ ಮೇಲೆ ಬರುವ ಪ್ರತಿ ಬಿರುಗಾಳಿಯ ಅಲೆಯೂ ಹತ್ತು ಸೆಂಟಿಮೀಟರ್ ಮೇಲಿನಿಂದಲೇ ಹೊರಡುತ್ತದೆ. ಮರಳಿಗೆ ಹಿಂದೆ ಸರಿಯಲು ಜಾಗವಿದ್ದರೆ ತೀರ ಸರಿದು ಬದುಕುತ್ತದೆ. ಹಿಂದೆ ಗೋಡೆಯೋ ರಸ್ತೆಯೋ ಇದ್ದರೆ ಇಲ್ಲ. ನಾವು ಹೇಳಬಹುದಾದದ್ದು ಇಷ್ಟೇ: ಈ ಊರಿನಲ್ಲಿ, ಈ ಮೂವತ್ತು ವರ್ಷದಲ್ಲಿ, ಮನೆಗಳನ್ನು ನುಂಗಿದ ಕೊರೆತದಲ್ಲಿ ಗೋಡೆಯ ತುದಿಯ ಕೈವಾಡ ಕಾಣುತ್ತದೆ, ಏರುವ ಕಡಲಿನ ಪಾಲನ್ನು ಬಿಡಿಸಿ ತೋರಿಸುವ ಶಕ್ತಿ ನಮ್ಮ ಅಳತೆಗೋಲಿಗೆ ಇಲ್ಲ.

ನಡುವೆ ಒಂದು ಅಧ್ಯಾಯ ಹುಟ್ಟಿ ಸತ್ತದ್ದನ್ನೂ ಹೇಳಬೇಕು. ನದಿ ಮರಳು ತಂದು ಕೊಡದಿದ್ದರೆ ತೀರ ಸೊರಗುತ್ತದೆ ಎಂದು ಓದಿದವಳು ಜಯಮಂಗಲಿಯ ಮರಳು ಲಾರಿಗಳ ಬಗ್ಗೆ ಹನ್ನೆರಡು ಪುಟ ಬರೆದು ತಂದಳು. ಬರಹ ಚೆನ್ನಾಗಿತ್ತು. ಆದರೆ ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನ ಬಳಿ ಕಡಲು ಕಾಣುತ್ತದೆ. ಅದೇ ಬೆಟ್ಟದ ಶಿಂಷಾ ಕಾವೇರಿಗೆ ಹೋಗುತ್ತದೆ. ತುಮಕೂರಿನ ಮರಳು ಯಾವ ದಾರಿ ಹಿಡಿದರೂ ಬಂಗಾಳ ಕೊಲ್ಲಿಗೇ. ಉಡುಪಿಯ ತೀರಕ್ಕೆ ನಮ್ಮಿಂದ ಒಂದು ಹಿಡಿ ಮರಳಿನ ಉಪಕಾರವೂ ಇಲ್ಲ, ಅಪಕಾರವೂ ಇಲ್ಲ. ಹನ್ನೆರಡು ಪುಟವನ್ನು ಆಕೆ ಹರಿಯಲಿಲ್ಲ, ಬೇರೆ ಕಡತದಲ್ಲಿ ಇಟ್ಟುಕೊಂಡಳು.

ವರದಿ ಯಾರದು

ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕರು, ಮೊದಲಿನ ತಲೆಬರಹವೇ ಚೆನ್ನಾಗಿತ್ತಲ್ಲ, ಈಗ ಫಲಿತಾಂಶ ಕುಗ್ಗಿಹೋಗಿದೆ ಎಂದರು. ಅಂಕ ಸಾಧಾರಣವಾಗಿಯೇ ಬಂತು. ಪತ್ರಕರ್ತ ಮಿತ್ರರು ಮತ್ತೆ ಕೇಳಲಿಲ್ಲ. ಇವೆರಡನ್ನೂ ನಾನು ನಿರೀಕ್ಷಿಸಿದ್ದೆ.

ನಿರೀಕ್ಷಿಸದೆ ಇದ್ದದ್ದು ಭೇಟಿಯೊಂದರಲ್ಲಿ ಆ ಊರಿನವರು ಇಟ್ಟ ಬೇಡಿಕೆ. ಗೋಡೆಯನ್ನು ಇನ್ನೂ ಒಂದು ಕಿಲೋಮೀಟರ್ ಮುಂದುವರಿಸಲು ಅವರು ಮನವಿ ಕೊಟ್ಟಿದ್ದರು. “ಕಾಲೇಜಿನ ವರದಿಯಲ್ಲಿ ಗೋಡೆ ಬೇಕು ಎಂದು ಒಂದು ಸಾಲು ಬರೆದುಕೊಡಿ” ಎಂದರು. ನಮ್ಮ ಅಳತೆ ಹೇಳುತ್ತಿದ್ದದ್ದು ತದ್ವಿರುದ್ಧ: ಗೋಡೆ ಮುಂದೆ ಹೋದರೆ ಕೊರೆತವೂ ಅದರ ತುದಿಯ ಜೊತೆಗೆ ಮುಂದಿನ ಊರಿಗೆ ಹೋಗುತ್ತದೆ. ಇದನ್ನು ಹೇಳಿದಾಗ ಯಾರೂ ಸಿಟ್ಟಾಗಲಿಲ್ಲ. ಒಬ್ಬ ಹೆಂಗಸು ಮಾತ್ರ, “ಮುಂದಿನ ಊರಿಗೆ ಹೋಗುವುದು ಮುಂದಿನ ವರ್ಷ. ನಮ್ಮ ಅಡುಗೆಮನೆಗೆ ಬರುವುದು ಈ ಮಳೆಗಾಲ” ಎಂದರು.

ವಿದ್ಯಾರ್ಥಿನಿ ಆ ಸಾಲು ಬರೆಯಬೇಕೆಂದಳು. ನಾನು ಬೇಡವೆಂದೆ. ಬಸ್ಸಿನಲ್ಲಿ ಘಾಟಿ ಹತ್ತುವವರೆಗೂ ವಾದ ನಡೆಯಿತು. ಕೊನೆಗೆ ಎರಡು ಪುಟದ ಕನ್ನಡ ಸಾರಾಂಶವೊಂದನ್ನು ನಕ್ಷೆಯ ಸಮೇತ ಕೊಡುವುದು, ಗೋಡೆ ಬೇಕು ಎಂದಾಗಲೀ ಬೇಡ ಎಂದಾಗಲೀ ಬರೆಯದೆ ಎಲ್ಲಿ ಎಷ್ಟು ಹೋಗಿದೆ ಎಂದು ಮಾತ್ರ ಹೇಳುವುದು ಎಂದಾಯಿತು. ಅದು ಸರಿಯೋ, ಇಬ್ಬರಿಗೂ ಒಳ್ಳೆಯವನಾಗುವ ಜಾಣತನವೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಸಾರಾಂಶವನ್ನು ಅಂಚೆಯಲ್ಲಿ ಕಳುಹಿಸಬಹುದಿತ್ತು. ಆಕೆ ಕೈಯಾರೆ ಕೊಡಲು ಹೋದಳು. ಬಲೆ ಹೊಲಿಯುತ್ತಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ತುಂಬಾ ಹೊತ್ತು ನೋಡಿದರಂತೆ. ಆಮೇಲೆ ಗೋಡೆಯ ತುದಿ ದಾಟಿ ಮೂರನೆಯ ಚೌಕದ ಮೇಲೆ ಬೆರಳಿಟ್ಟು ಕೇಳಿದರಂತೆ:

“ಮಗಳೇ, ಈ ಒಂದು ಚೌಕದ ಒಳಗೆ ನನ್ನ ಮನೆ, ಬಾವಿ, ದೋಣಿಯ ಚಪ್ಪರ ಎಲ್ಲ ಬಂದುಬಿಟ್ಟಿತೇ?”

“ಹೌದು ಅಜ್ಜ” ಎಂದಳಂತೆ.